ಕನ್ನಡ ತಿಳಿದ ಆನೆಯೂ ಟೋಕಿಯೋದ ಮಕ್ಕಳೂ



ಕಳೆದ ಸಲದ ಬರಹದಲ್ಲಿ ಹಳೆಯ ಪಠ್ಯಪುಸ್ತಕಗಳ ಬಗ್ಗೆ ಬರೆದಿದ್ದೆ. ಅದನ್ನು ಓದಿದ ಹಳೆಯ ವಿದ್ಯಾರ್ಥಿನಿಯೊಬ್ಬಳು (ಈಗ ಅವಳೂ ಶಿಕ್ಷಕಿ) ಒಂದು ಪತ್ರಿಕೆಯ ತುಣುಕನ್ನು ಕಳುಹಿಸಿ, "ಸಾರ್, ಇದನ್ನು ನೋಡಿದಾಗ ನಿಮ್ಮ ಮಕ್ಕಳ ದಿನಾಚರಣೆಯ ಭಾಷಣ ನೆನಪಾಯಿತು" ಎಂದು ಬರೆದಳು. 2025ರ ಜುಲೈ ತಿಂಗಳಲ್ಲಿ ಬನ್ನೇರುಘಟ್ಟದಿಂದ ನಾಲ್ಕು ಆನೆಗಳು ವಿಮಾನವೇರಿ ಜಪಾನಿನ ಹಿಮೇಜಿಗೆ ಹೋದ ಸುದ್ದಿ ಅದು. ಪ್ರಾಣಿ ವಿನಿಮಯದ ಒಪ್ಪಂದದಂತೆ ಹೋದವು. ಅಲ್ಲಿಯ ಪಾಲಕರು ಮುಂಚಿತವಾಗಿಯೇ ಇಲ್ಲಿಗೆ ಬಂದು ಆನೆಗಳೊಡನೆ ಪಳಗಿಕೊಂಡಿದ್ದರು. ಇಲ್ಲಿಯ ಸಿಬ್ಬಂದಿಯೂ ಆನೆಗಳ ಜೊತೆ ಹೋಗಿ ಕೆಲಕಾಲ ಅಲ್ಲಿದ್ದರು. ಆ ಹುಡುಗಿ ಅಕ್ಕರೆಯಿಂದಲೇ ಕಳುಹಿಸಿದಳು. ಆದರೆ ನನಗೆ ಮಾತ್ರ ಆ ಭಾಷಣ ನೆನಪಾದಾಗ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಾಗುತ್ತದೆ. ಯಾಕೆಂಬುದನ್ನು ಹೇಳುತ್ತೇನೆ.

ನಾನು ಆಗ ಹೆಗ್ಗಡದೇವನಕೋಟೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿದ್ದೆ. 1994ನೆಯ ಇಸವಿ. ಏಷ್ಯಾ ಖಂಡದ ಪಾಠದಲ್ಲಿ ಜಪಾನ್ ಬಂದಾಗ ನಾನು ಹೇಳಿಕೊಡುತ್ತಿದ್ದುದು ಇಷ್ಟೇ: ಹೊಕ್ಕೈಡೋ, ಹೊನ್‌ಶು, ಶಿಕೋಕು, ಕ್ಯುಶು ಎಂಬ ನಾಲ್ಕು ದೊಡ್ಡ ದ್ವೀಪಗಳು, ಫ್ಯೂಜಿ ಪರ್ವತ, ಎತ್ತರ 3,776 ಮೀಟರ್, ಭೂಕಂಪಗಳು, ರೇಷ್ಮೆ, ಮೀನುಗಾರಿಕೆ, ಹಡಗು ನಿರ್ಮಾಣ. ಗೋಡೆಗೆ ನಕ್ಷೆಯನ್ನು ತೂಗುಹಾಕಿ ಬೆತ್ತದ ತುದಿಯಿಂದ ತೋರಿಸುತ್ತಿದ್ದೆ. ಮಕ್ಕಳು ಕಂಠಪಾಠ ಮಾಡುತ್ತಿದ್ದರು, ಅಂಕ ಪಡೆಯುತ್ತಿದ್ದರು. ಜಪಾನಿನ ಒಂದು ಮಗು ಬೆಳಿಗ್ಗೆ ಎದ್ದು ಏನು ಮಾಡುತ್ತದೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನನಗೆ ತಿಳಿದಿರಲೂ ಇಲ್ಲ.

ಆ ವರ್ಷದ ನವೆಂಬರ್ 14ರಂದು ಮಕ್ಕಳ ದಿನಾಚರಣೆಯ ಭಾಷಣದಲ್ಲಿ, ನೆಹರೂ ಅವರು ಟೋಕಿಯೋದ ಮಕ್ಕಳ ಪತ್ರಗಳಿಗೆ ಮನಸೋತು ಒಂದು ಆನೆಯನ್ನು ಕಳುಹಿಸಿದರೆಂಬ ಸಂಗತಿಯನ್ನು ಹೇಳಿದೆ. ಆ ಆನೆ ನಮ್ಮ ಮೈಸೂರಿನದೆಂದೂ ಹೆಮ್ಮೆಯಿಂದ ಸೇರಿಸಿದೆ. ಭಾಷಣ ಮುಗಿದ ಮೇಲೆ ತರಗತಿಯಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಅವನ ತಂದೆ ಅರಣ್ಯ ಇಲಾಖೆಯ ಆನೆ ಶಿಬಿರದಲ್ಲಿ ಮಾವುತರು. ಹುಡುಗ ಶಾಲೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಅಂಥವನು ಅಂದು ತಾನಾಗಿ ಎದ್ದು ಕೇಳಿದ: "ಸಾ, ಆ ಆನೆಗೆ ಅಲ್ಲಿ ಯಾರು ಮಾತಾಡ್ಸೋರು ಸಾ? ಅವ್ರ ಮಾತು ಅದಕ್ಕೆ ತಿಳಿಯಾಕಿಲ್ವಲ್ಲ?"

ಇಡೀ ತರಗತಿ ಘೊಳ್ಳೆಂದು ನಕ್ಕಿತು. ನಾನೂ ನಕ್ಕೆ. "ಆನೆಗೆ ಯಾವ ಭಾಷೆಯಪ್ಪಾ, ಕೂತ್ಕೋ" ಎಂದೆ. ಅವನು ಕುಳಿತುಕೊಂಡ.

ನಿವೃತ್ತನಾದ ಮೇಲೆ ಬಿಡುವು ದೊರೆತು ಆ ಆನೆಯ ಕಥೆಯನ್ನು ವಿವರವಾಗಿ ಓದಿದಾಗಲೇ, ಅಂದು ತರಗತಿಯಲ್ಲಿ ಸರಿಯಾದ ಪ್ರಶ್ನೆ ಕೇಳಿದವನು ಅವನೊಬ್ಬನೇ ಎಂಬುದು ನನಗೆ ತಿಳಿದದ್ದು. ಓದಿದ್ದನ್ನು ನಿಮ್ಮ ಮುಂದಿಡುತ್ತೇನೆ.

ಕಥೆ ಆರಂಭವಾಗುವುದು ಯುದ್ಧದಿಂದ. ಟೋಕಿಯೋದ ಉಯೆನೋ ಮೃಗಾಲಯ 1882ರಲ್ಲಿ ತೆರೆದದ್ದು, ಜಪಾನಿನಲ್ಲಿಯೇ ಮೊದಲನೆಯದು. ಅಲ್ಲಿ ಜಾನ್, ಟೊಂಕಿ, ವಾನ್ಲಿ ಎಂಬ ಮೂರು ಆನೆಗಳಿದ್ದವು. 1943ರ ಆಗಸ್ಟ್‌ನಲ್ಲಿ ಟೋಕಿಯೋದ ಗವರ್ನರ್ ಓದಾಚಿ ಶಿಗೆಓ ಅವರು ಮೃಗಾಲಯದ ಅಪಾಯಕಾರಿ ಪ್ರಾಣಿಗಳನ್ನೆಲ್ಲ ಕೊಲ್ಲುವಂತೆ ಆಜ್ಞೆ ಮಾಡಿದರು. ಬಾಂಬು ಬಿದ್ದು ಬೋನು ಒಡೆದರೆ ಪ್ರಾಣಿಗಳು ಊರಿಗೆ ನುಗ್ಗಿಯಾವು ಎಂಬುದು ಹೊರಗೆ ಹೇಳಿದ ಕಾರಣ. ಸಿಂಹ, ಹುಲಿ, ಚಿರತೆ, ಕರಡಿಗಳೂ ಸೇರಿ 27 ಪ್ರಾಣಿಗಳು ಸತ್ತವು. ಆನೆಗಳನ್ನು ಕೊಲ್ಲುವುದು ಸುಲಭವಾಗಿರಲಿಲ್ಲ. ವಿಷ ಬೆರೆಸಿದ ಆಲೂಗಡ್ಡೆಯನ್ನು ಜಾನ್ ಮುಟ್ಟಲಿಲ್ಲ. ಚುಚ್ಚುಮದ್ದಿನ ಸೂಜಿ ಆ ಚರ್ಮದೊಳಗೆ ಇಳಿಯಲಿಲ್ಲ. ಕೊನೆಗೆ ಮೂರಕ್ಕೂ ಅನ್ನನೀರು ನಿಲ್ಲಿಸಿದರು. ಪಾಲಕರು ಬಂದಾಗಲೆಲ್ಲ ಟೊಂಕಿಯೂ ವಾನ್ಲಿಯೂ ತಾವು ಕಲಿತಿದ್ದ ಆಟಗಳನ್ನು ತೋರಿಸಿ ಆಹಾರ ಬೇಡುತ್ತಿದ್ದವಂತೆ. ಸೆಪ್ಟೆಂಬರ್ 4ರಂದು ಸತ್ತ ಪ್ರಾಣಿಗಳಿಗಾಗಿ ಭಿಕ್ಷುಗಳನ್ನು ಕರೆಸಿ, ಶಾಲಾಮಕ್ಕಳನ್ನು ನಿಲ್ಲಿಸಿ ಶ್ರದ್ಧಾಂಜಲಿಯ ಸಭೆ ನಡೆಸಿದರು. ಆ ಹೊತ್ತಿಗೆ ಈ ಎರಡು ಆನೆಗಳು ಪರದೆಯ ಹಿಂದೆ ಇನ್ನೂ ಉಸಿರಾಡುತ್ತಿದ್ದವು! ಟೊಂಕಿ ಪ್ರಾಣ ಬಿಟ್ಟದ್ದು ಸೆಪ್ಟೆಂಬರ್ 23ಕ್ಕೆ.

ಇದನ್ನು ಆಧರಿಸಿದ ಒಂದು ಮಕ್ಕಳ ಕಥೆ ಜಪಾನಿನಲ್ಲಿ ಬಹಳ ಪ್ರಸಿದ್ಧ. ತ್ಸುಚಿಯಾ ಯುಕಿಓ ಎಂಬ ಲೇಖಕರು 1951ರಲ್ಲಿ ಬರೆದದ್ದು, ಇಂಗ್ಲಿಷಿಗೂ ಬಂದಿದೆ. ಆ ಕಥೆಯಲ್ಲಿ ಆನೆಗಳು ಸಾಯುವಾಗ ಟೋಕಿಯೋದ ಮೇಲೆ ಬಾಂಬುಗಳು ಬೀಳುತ್ತಿರುತ್ತವೆ. ಇತಿಹಾಸದ ಮೇಷ್ಟ್ರಾಗಿ ಇಲ್ಲೊಂದು ಮಾತು ಹೇಳಲೇಬೇಕು. ನಿಜವಾಗಿ 1943ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಟೋಕಿಯೋದ ಮೇಲೆ ಬಾಂಬು ಬೀಳುತ್ತಿರಲಿಲ್ಲ. 1942ರ ಏಪ್ರಿಲ್‌ನಲ್ಲಿ ಒಮ್ಮೆ ಅಮೆರಿಕದ ವಿಮಾನಗಳು ಬಂದು ಹೋಗಿದ್ದವು. ಎಡೆಬಿಡದ ದಾಳಿ ಶುರುವಾದದ್ದು 1944ರ ನವೆಂಬರ್‌ನಿಂದ. ಟೊಂಕಿಯನ್ನು ಸೆಂದಾಯ್ ನಗರದ ಮೃಗಾಲಯಕ್ಕೆ ಸಾಗಿಸುವ ಏರ್ಪಾಡು ಕೂಡ ನಡೆದಿತ್ತು. ಗವರ್ನರರೇ ಅದನ್ನು ತಡೆದರು. ಈ ಓದಾಚಿಯವರು ಅದಕ್ಕೆ ಮುಂಚೆ, ಜಪಾನೀಯರು ಹಿಡಿದುಕೊಂಡಿದ್ದ ಸಿಂಗಪುರದಲ್ಲಿ ಮೇಯರ್ ಆಗಿದ್ದವರು. ಯುದ್ಧ ಎತ್ತ ಸಾಗುತ್ತಿದೆ ಎಂಬುದನ್ನು ಅಲ್ಲಿಂದ ನೋಡಿ ಬಂದಿದ್ದರು. ಪರಿಸ್ಥಿತಿ ಗಂಭೀರವಾಗಿದೆ ಎಂದು ಬಾಯಿಬಿಟ್ಟು ಹೇಳಲಾಗದ ಸರಕಾರ, ಪ್ರಾಣಿಗಳನ್ನು ಕೊಂದು ಅದನ್ನು ಜನರಿಗೆ ಮನಗಾಣಿಸಿತು ಎಂದು ಇತಿಹಾಸಕಾರರು ಹೇಳುತ್ತಾರೆ. ನಾನೂ ಅನೇಕ ವರ್ಷ ಬಾಂಬಿನ ಕಥೆಯನ್ನೇ ಮಕ್ಕಳಿಗೆ ಹೇಳಿದ್ದೇನೆ. ಆಗ ಕೇಳಿದವರು ಇದನ್ನು ಓದುತ್ತಿದ್ದರೆ ದಯಮಾಡಿ ತಿದ್ದಿಕೊಳ್ಳಿ.

ಇನ್ನು ಆ ಕಾಲದ ಜಪಾನೀ ಮಕ್ಕಳ ಭೂಗೋಳ ಪಾಠದ ಮಾತು. ನನ್ನಂಥ ಮೇಷ್ಟ್ರಿಗೆ ಇದು ಎಲ್ಲಕ್ಕಿಂತ ಕುತೂಹಲದ ಸಂಗತಿ. 1942ರ ಫೆಬ್ರವರಿಯಲ್ಲಿ ಸಿಂಗಪುರ ವಶವಾದಾಗ ಅದಕ್ಕೆ 'ಶೋನಾನ್' ಎಂದು ಹೊಸ ಹೆಸರಿಟ್ಟು ನಕ್ಷೆಯಲ್ಲಿ ಬರೆದುಕೊಂಡರು. ಆ ಗೆಲುವಿನ ಸಂಭ್ರಮಕ್ಕೆ ಶಾಲಾಮಕ್ಕಳಿಗೆ ರಬ್ಬರ್ ಚೆಂಡುಗಳನ್ನು ಹಂಚಿದರು. ಮಲಯಾ ಎಂದರೆ ರಬ್ಬರ್ ಬೆಳೆಯುವ ನಾಡು ಎಂಬ ಪಾಠ ಆ ಚೆಂಡಿನೊಳಗೇ ಇತ್ತೆನ್ನಿ. ಮಲಯಾದಲ್ಲಿ ಯಾರಿದ್ದಾರೆ, ಅವರು ಏನು ಉಣ್ಣುತ್ತಾರೆ, ಅವರ ಮಕ್ಕಳು ಯಾವ ಆಟ ಆಡುತ್ತಾರೆ ಎಂಬುದು ಅದರಲ್ಲಿ ಇರಲಿಲ್ಲ. ಭಾರತವೂ ಅವರ ನಕ್ಷೆಯ ಅಂಚಿನಲ್ಲಿತ್ತು; 1944ರಲ್ಲಿ ಸೈನ್ಯ ಇಂಫಾಲದವರೆಗೆ ಬಂದು, ಸಾವಿರಾರು ಸೈನಿಕರನ್ನು ಹಸಿವಿಗೂ ಮಲೇರಿಯಾಕ್ಕೂ ಕಳೆದುಕೊಂಡು ಹಿಂದಿರುಗಿತು.

ಯುದ್ಧದಲ್ಲಿ ಸೋತು ದೇಶ ಅಮೆರಿಕದ ಸೈನ್ಯದ ಆಡಳಿತಕ್ಕೆ ಒಳಗಾದಾಗ ಮೊದಲು ಮಕ್ಕಳ ಪುಸ್ತಕಗಳ ಮೇಲೆ ಕಣ್ಣು ಬಿತ್ತು. ಯುದ್ಧವನ್ನು ಹೊಗಳುವ ಸಾಲುಗಳ ಮೇಲೆ ಮಕ್ಕಳೇ ಕುಂಚದಿಂದ ಕಪ್ಪು ಶಾಯಿ ಬಳಿಯಬೇಕಾಯಿತು. ನಿನ್ನೆ ಯಾವ ಸಾಲನ್ನು ಗಟ್ಟಿಯಾಗಿ ಓದಿಸಿದ್ದರೋ ಅದೇ ಮೇಷ್ಟ್ರು ಇಂದು ಅದೇ ಸಾಲಿಗೆ ಮಸಿ ಬಳಿಯಲು ಹೇಳಬೇಕು. ಆ ಮೇಷ್ಟ್ರ ಮುಖವನ್ನು ನಾನು ಊಹಿಸಿಕೊಳ್ಳಬಲ್ಲೆ. 1945ರ ಡಿಸೆಂಬರ್ 31ರಂದು ಬಂದ ಆಜ್ಞೆಯಂತೂ ನೀತಿಪಾಠ, ಜಪಾನಿನ ಇತಿಹಾಸ, ಭೂಗೋಳ ಈ ಮೂರನ್ನೂ ಪೂರ್ತಿಯಾಗಿ ನಿಲ್ಲಿಸಿಬಿಟ್ಟಿತು. ಭೂಗೋಳ ಮತ್ತೆ ತರಗತಿಗೆ ಬಂದದ್ದು 1946ರ ಮಧ್ಯಭಾಗದಲ್ಲಿ, ಇತಿಹಾಸ ಆ ವರ್ಷದ ಕೊನೆಯ ಭಾಗದಲ್ಲಿ. 1947ರಲ್ಲಿ 'ಸಮಾಜ ಅಧ್ಯಯನ' ಎಂಬ ಹೊಸ ವಿಷಯ ಆರಂಭವಾಯಿತು. ನಾನು ಬಿ.ಎಡ್. ಓದುವಾಗ ಬೋಧನಾ ವಿಧಾನಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದೇನೆ. ಆದರೆ ಒಂದು ದೇಶದಲ್ಲಿ ಭೂಗೋಳವನ್ನು ಕಲಿಸುವುದೇ ಅಪರಾಧವಾಗಿದ್ದ ಆರು ತಿಂಗಳ ಬಗ್ಗೆ ಯಾರೂ ನಮಗೆ ಹೇಳಿರಲಿಲ್ಲ.

ಇಂಥ ಮಕ್ಕಳಿಗೆ 1949ರಲ್ಲಿ ಆನೆ ಬೇಕೆನ್ನಿಸಿತು. ಯುದ್ಧದ ಕೊನೆಗೆ ಹುಟ್ಟಿದವರು ಆನೆಯನ್ನು ಚಿತ್ರದಲ್ಲಷ್ಟೇ ಕಂಡಿದ್ದರು. ದೇಶದಲ್ಲಿ ಬದುಕುಳಿದಿದ್ದದ್ದು ನಗೋಯಾದ ಹಿಗಾಶಿಯಾಮಾ ಮೃಗಾಲಯದ ಎರಡು ಆನೆಗಳು, ಮಾಕಾನಿ ಮತ್ತು ಎಲ್ಡೋ. ಉಯೆನೋ ಇರುವ ತೈತೋ ವಾರ್ಡಿನ ಮಕ್ಕಳು ತಮ್ಮದೇ ಒಂದು ಮಕ್ಕಳ ಸಭೆ ಮಾಡಿ, ಒಂದು ಆನೆಯನ್ನು ಎರವಲು ಕೊಡಿಸಿ ಎಂದು ಸಂಸತ್ತಿಗೇ ಮನವಿ ಸಲ್ಲಿಸಿದರು. ಪ್ರತಿನಿಧಿಗಳನ್ನು ನಗೋಯಾಕ್ಕೂ ಕಳುಹಿಸಿದರು. ಆದರೆ ಆ ಎರಡು ಮುದಿ ಆನೆಗಳನ್ನು ಬೇರ್ಪಡಿಸಲು ಹೋದರೆ ಅವು ಕಂಗಾಲಾಗುತ್ತಿದ್ದವು. ಅದನ್ನು ಕಣ್ಣಾರೆ ಕಂಡ ಮಕ್ಕಳು ಬರಿಗೈಯಲ್ಲಿ ಹಿಂದಿರುಗಿದರು. ಆನೆ ಟೋಕಿಯೋಕ್ಕೆ ಬರಲಾಗದಿದ್ದರೆ ಮಕ್ಕಳೇ ಆನೆಯ ಬಳಿ ಹೋಗಲಿ ಎಂದು 'ಆನೆ ರೈಲು' ಎಂಬ ವಿಶೇಷ ರೈಲುಗಳನ್ನು ನಗೋಯಾಕ್ಕೆ ಓಡಿಸಿದರು. ಆದರೂ ನಮ್ಮೂರಲ್ಲೇ ಒಂದು ಬೇಕು ಎಂಬ ಆಸೆ ಹೋಗಲಿಲ್ಲ. 800ಕ್ಕೂ ಹೆಚ್ಚು ಮಕ್ಕಳು ಭಾರತದ ಪ್ರಧಾನಿಗೆ ಪತ್ರಗಳನ್ನು ಬರೆದರು. ನಿಯೋಗಿ ಎಂಬ ಕಲ್ಕತ್ತೆಯ ವ್ಯಾಪಾರಿಯೊಬ್ಬರು ಅವನ್ನು ತಂದು ನೆಹರೂ ಅವರಿಗೆ ತಲುಪಿಸಿದರು.

ಇಲ್ಲಿ ತಾರೀಖುಗಳನ್ನು ಗಮನಿಸಬೇಕು. ಭಾರತಕ್ಕೂ ಜಪಾನಿಗೂ ಆಗ ರಾಜತಾಂತ್ರಿಕ ಸಂಬಂಧವೇ ಇರಲಿಲ್ಲ. ಅದು ಏರ್ಪಟ್ಟದ್ದು 1952ರ ಏಪ್ರಿಲ್ 28ರಂದು. ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದದ್ದು ಅದೇ ವರ್ಷದ ಜೂನ್ 9ರಂದು. ರಾಯಭಾರಿಗಳಿಗಿಂತ ಮೂರು ವರ್ಷ ಮೊದಲೇ ಮಕ್ಕಳು ಅರ್ಜಿ ಹಾಕಿಕೊಂಡಿದ್ದರು!

ನೆಹರೂ ಒಪ್ಪಿದರು. ಆರಿಸಿದ್ದು ಮೈಸೂರು ಸೀಮೆಯ ಹದಿನೈದು ವರ್ಷದ ಹೆಣ್ಣಾನೆಯನ್ನು. ಅದಕ್ಕೆ ತಮ್ಮ ಮಗಳ ಹೆಸರನ್ನೇ ಇಟ್ಟರು: ಇಂದಿರಾ. ಜೊತೆಗೆ ಜಪಾನಿನ ಮಕ್ಕಳಿಗೆ ಒಂದು ಪತ್ರವನ್ನೂ ಬರೆದರು. ಇದು ನನ್ನ ಕೊಡುಗೆಯಲ್ಲ, ಭಾರತದ ಮಕ್ಕಳು ನಿಮಗೆ ಕೊಡುತ್ತಿರುವುದು ಎಂಬುದು ಅದರ ಭಾವ. ಆನೆಗೆ ಶುಭಲಕ್ಷಣಗಳೆಲ್ಲ ಇವೆಯಂತೆ ಎಂದೂ ಬರೆದಿದ್ದರು. ನಮ್ಮಲ್ಲಿ ಮನೆಗೆ ಹಸು ತರುವಾಗ ಸುಳಿ ನೋಡುವುದಿಲ್ಲವೇ, ಹಾಗೆ! ಭಾರತದ ಮಕ್ಕಳು ಕೊಟ್ಟದ್ದೆಂದು ಅವರು ಹೇಳಿದರೇನೋ ಸರಿ, ಆದರೆ ಆ ಆನೆಯೊಡನೆ ಬೆಳೆದ ಮಾವುತರ ಮಕ್ಕಳನ್ನು ಯಾರಾದರೂ ಕೇಳಿದ್ದರೆ ಎಂದು ಈಗ ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ.

ಇಂದಿರಾ ಕಲ್ಕತ್ತೆಯಲ್ಲಿ ಹಡಗೇರಿ, ಸೆಪ್ಟೆಂಬರ್ ಕೊನೆಯ ವಾರದಲ್ಲಿ ಟೋಕಿಯೋದ ಬಂದರಿನಲ್ಲಿ ಇಳಿದಳು. ರಾತ್ರಿ ವೇಳೆ ನಗರದ ಬೀದಿಗಳಲ್ಲಿ ನಡೆದೇ ಉಯೆನೋ ತಲುಪಿದಳು. ನಾಲ್ಕೇ ವರ್ಷದ ಹಿಂದೆ ಬೆಂಕಿಬಾಂಬಿಗೆ ಸುಟ್ಟುಹೋಗಿದ್ದ ನಗರ ಅದು. ನಿದ್ದೆಗೆಟ್ಟು ಬೀದಿಬದಿಯಲ್ಲಿ ನಿಂತ ಜನರ ನಡುವೆ ಮೈಸೂರಿನ ಆನೆ ಹೆಜ್ಜೆ ಹಾಕುತ್ತ ಹೋಗುವ ದೃಶ್ಯವನ್ನು ನೆನೆಸಿಕೊಳ್ಳಿ. ಅಕ್ಟೋಬರ್ 1ರಂದು ಸ್ವಾಗತ ಸಮಾರಂಭ. ಪ್ರಧಾನಿ ಯೋಶಿದಾ ಶಿಗೆರು ಅವರೂ ಬಂದಿದ್ದರು. (ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ಯುದ್ಧಾನಂತರ ಉಯೆನೋಕ್ಕೆ ಬಂದ ಮೊದಲ ಆನೆ ಇಂದಿರಾ ಅಲ್ಲ. ಥಾಯ್ಲೆಂಡಿನ ಮರಿಯಾನೆ ಹನಾಕೋ ಅದಕ್ಕೆ ಮೂರು ವಾರ ಮುಂಚೆ ಬಂದಿದ್ದಳು. ಅವಳು 2016ರವರೆಗೂ ಬದುಕಿದ್ದಳು.)

ಇಲ್ಲಿಗೆ ನನ್ನ ಹಿಂದಿನ ಬೆಂಚಿನ ಹುಡುಗನ ಪ್ರಶ್ನೆ ಬಂತು. ಇಂದಿರಾಗೆ ತಿಳಿಯುತ್ತಿದ್ದದ್ದು ನಮ್ಮ ಕನ್ನಡದ ಮಾತು ಮಾತ್ರ. ಜಪಾನಿನ ಪಾಲಕರು ಏನು ಹೇಳಿದರೂ ಅದು ಕಿವಿ ಬೀಸಿಕೊಂಡು ನಿಂತಿರುತ್ತಿತ್ತು. ಜೊತೆಗೆ ಹೋಗಿದ್ದ ಇಬ್ಬರು ಮಾವುತರ ಬಳಿ ಆ ಪಾಲಕರು ಕುಳಿತು ಕನ್ನಡದ ಅಪ್ಪಣೆಗಳನ್ನು ಒಂದೊಂದಾಗಿ ಕಲಿತರು. ನಮ್ಮ ಮಾವುತರ ಮಾತು ಪಂಡಿತರ ಕನ್ನಡವಲ್ಲ, ಅದರಲ್ಲಿ ಉರ್ದುವೂ ಬೆರೆತಿರುತ್ತದೆ ಎಂಬುದು ನಿಮಗೆ ತಿಳಿದೇ ಇದೆ. ಆದರೂ ಯೋಚಿಸಿ ನೋಡಿ: ಐದು ವರ್ಷದ ಹಿಂದೆ ಇಂಫಾಲದ ದಾರಿಯಾಗಿ ಭಾರತವನ್ನು ಹೊಕ್ಕ ದೇಶದ ಜನ, ಈಗ ಕಾಡಂಚಿನ ಇಬ್ಬರು ಮಾವುತರ ಮುಂದೆ ವಿದ್ಯಾರ್ಥಿಗಳಾಗಿ ಕುಳಿತು, ಅವರ ಬಾಯಿಯ ಉಚ್ಚಾರಣೆಯನ್ನು ತಿರುಗಿ ತಿರುಗಿ ಹೇಳಿಕೊಳ್ಳುತ್ತಿದ್ದಾರೆ. ತಪ್ಪಾಗಿ ಹೇಳಿದರೆ ಆನೆ ಕದಲುವುದಿಲ್ಲ. ಇಷ್ಟು ಕಟ್ಟುನಿಟ್ಟಾದ ಪರೀಕ್ಷಕರನ್ನು ನನ್ನ ಮೂವತ್ತು ವರ್ಷಕ್ಕೂ ಮಿಕ್ಕಿದ ಸೇವೆಯಲ್ಲಿ ನಾನು ಕಂಡಿಲ್ಲ. ಭಾರತವೆಂಬ ದೇಶ ಉಯೆನೋದ ಮಕ್ಕಳಿಗೆ ಮೊದಲು ಪರಿಚಯವಾದದ್ದು ನಕ್ಷೆಯ ಬಣ್ಣವಾಗಿ ಅಲ್ಲ. ಒಂದು ಪ್ರಾಣಿ ಏನು ತಿನ್ನುತ್ತದೆ, ಯಾವ ಮಾತಿಗೆ ಕೂರುತ್ತದೆ, ಯಾವ ಮಾತಿಗೆ ಏಳುತ್ತದೆ, ಅದನ್ನು ನೋಡಿಕೊಳ್ಳುವ ಮನುಷ್ಯ ಹೇಗಿರುತ್ತಾನೆ ಎಂಬ ರೂಪದಲ್ಲಿ.

1950ರಲ್ಲಿ ಸಂಚಾರಿ ಮೃಗಾಲಯವೊಂದನ್ನು ಏರ್ಪಡಿಸಿ ಇಂದಿರಾಳನ್ನು ಊರೂರಿಗೆ ಕರೆದೊಯ್ದರು; ಉತ್ತರದ ಹೊಕ್ಕೈಡೋದವರೆಗೂ ಅವಳು ಹೋಗಿ ಬಂದಳು. ನಾನು ಬೆತ್ತದ ತುದಿಯಿಂದ ಗೋಡೆಯ ಮೇಲೆ ತೋರಿಸುತ್ತಿದ್ದ ಹೊಕ್ಕೈಡೋವನ್ನು ನಮ್ಮ ಸೀಮೆಯ ಆನೆ ಕಾಲಿನಿಂದ ತುಳಿದು ಬಂದಿತ್ತು! ನೆಹರೂ ಅವರು ಮುಂದೆ ಬರ್ಲಿನ್ನಿಗೆ ಶಾಂತಿಯನ್ನೂ ಆಮ್‌ಸ್ಟರ್‌ಡಾಮಿಗೆ ಮುರುಗನ್‌ನನ್ನೂ ಕಳುಹಿಸಿದರು. 1957ರ ಅಕ್ಟೋಬರ್‌ನಲ್ಲಿ ಜಪಾನಿಗೆ ಹೋದಾಗ ಮಗಳೊಡನೆ ಉಯೆನೋಕ್ಕೂ ಹೋಗಿ ಆನೆಯನ್ನು ನೋಡಿ ಬಂದರು. ಒಬ್ಬ ಇಂದಿರಾ ಇನ್ನೊಬ್ಬ ಇಂದಿರಾಳನ್ನು ಕಂಡದ್ದು ಹಾಗೆ.

1967ರ ಒಂದು ಘಟನೆಯನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಜೊತೆಯ ಆನೆಯೊಂದಿಗಿನ ಜಗಳದಲ್ಲಿ ಇಂದಿರಾ ತನ್ನ ಆವರಣದಿಂದ ಹೊರಬಿದ್ದುಬಿಟ್ಟಿತು. ಯಾರು ಕರೆದರೂ ಒಳಗೆ ಹೋಗಲೊಲ್ಲದು. ಬಹುಕಾಲ ಅದನ್ನು ನೋಡಿಕೊಂಡಿದ್ದ ಪಾಲಕ ಆಗ ಕ್ಯಾನ್ಸರಿನಿಂದ ಹಾಸಿಗೆ ಹಿಡಿದಿದ್ದ. ಸುದ್ದಿ ತಿಳಿದು ಎದ್ದು ಬಂದ. ಅವನ ದನಿ ಕೇಳಿದ್ದೇ ಆನೆ ಶಾಂತವಾಗಿ ಅವನ ಹಿಂದೆ ನಡೆಯಿತು. ಕೆಲವೇ ದಿನಗಳಲ್ಲಿ ಆತ ತೀರಿಕೊಂಡ.

ಇಂದಿರಾ ಆನೆ 1983ರ ಆಗಸ್ಟ್‌ನಲ್ಲಿ ಸತ್ತಿತು. ಮೂವತ್ತನಾಲ್ಕು ವರ್ಷ ಅದು ಉಯೆನೋದಲ್ಲಿತ್ತು. ಪ್ರಧಾನಿ ಇಂದಿರಾ ಗಾಂಧಿಯವರು 1984ರಲ್ಲಿ ಆಶಾ, ದಯಾ ಎಂಬ ಎರಡು ಆನೆಗಳನ್ನು ಕಳುಹಿಸಿಕೊಟ್ಟರು. ಆ ವರ್ಷದ ಅಕ್ಟೋಬರ್ 31ರಂದು ಅವರ ಹತ್ಯೆಯಾಯಿತು.

ಈಗ ನನ್ನ ಸಂಕೋಚದ ಕಾರಣ ನಿಮಗೆ ತಿಳಿದಿರಬಹುದು. ನಾನು ಶಾಲೆಯ ಗ್ರಂಥಾಲಯದಲ್ಲಿ ಹುಡುಕಿ ತಯಾರಿಸಿಕೊಂಡ ಭಾಷಣದಲ್ಲಿ ನೆಹರೂ ಇದ್ದರು, ಟೋಕಿಯೋ ಇತ್ತು, ಇಸವಿಯಿತ್ತು. ಆನೆಗೊಂದು ಮಾತು ತಿಳಿದಿರುತ್ತದೆ, ಅದು ಇನ್ನೊಂದು ದೇಶದಲ್ಲಿ ಸಿಕ್ಕದಿದ್ದರೆ ಅದರ ಗತಿಯೇನು ಎಂಬುದು ಮಾವುತನ ಮಗನಿಗೆ ಮಾತ್ರ ಹೊಳೆಯಿತು. ಅಂದು ನಾನು ಅವನನ್ನು ಕರೆದು, "ನಿಮ್ಮಪ್ಪ ಆನೆಗೆ ಏನೆಂದು ಹೇಳುತ್ತಾರೆ, ಹೇಳಿ ತೋರಿಸು" ಎಂದಿದ್ದರೆ ಆ ಒಂದು ಗಂಟೆ ಅವನದಾಗುತ್ತಿತ್ತು. ಮುಂದಿನ ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಅವನು ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿಗೆ ಕೆಂಪು ಗೆರೆ ಎಳೆದವನು ನಾನೇ. ನನ್ನ ನಗುವಿನಿಂದಲೇ ಅವನು ಶಾಲೆ ಬಿಟ್ಟನೆಂದು ಹೇಳಿದರೆ ಅದು ನನಗೆ ನಾನೇ ಕೊಟ್ಟುಕೊಳ್ಳುವ ಅತಿಯಾದ ಮಹತ್ವವಾದೀತು. ಮನೆಯಲ್ಲಿ ಬಡತನವಿತ್ತು, ಶಿಬಿರದಲ್ಲಿ ಕೆಲಸವಿತ್ತು. ಆದರೂ ಆ ನಗು ಮರೆಯುವುದಿಲ್ಲ.

ಬನ್ನೇರುಘಟ್ಟದ ಸುದ್ದಿಯ ತುಣುಕಿನಲ್ಲಿ ಆನೆಗಳ ಪಕ್ಕ ನಿಂತ ಸಿಬ್ಬಂದಿಯ ಚಿತ್ರವಿತ್ತು. ಕನ್ನಡಕ ಹಾಕಿಕೊಂಡು, ದೊಡ್ಡದು ಮಾಡಿಕೊಂಡು ಒಂದೊಂದು ಮುಖವನ್ನೂ ನೋಡಿದೆ. ಅವನಿಗೆ ಈಗ ನಲವತ್ತೈದರ ಆಸುಪಾಸು. ಗುರುತು ಹತ್ತಲಿಲ್ಲ. 1994ರ ಆ ತರಗತಿಯಲ್ಲಿದ್ದವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಹೆಸರು ಬರೆಯದಿದ್ದರೂ ನಾನು ಯಾರ ಬಗ್ಗೆ ಹೇಳುತ್ತಿದ್ದೇನೆಂದು ನಿಮಗೆ ಗೊತ್ತಾಗುತ್ತದೆ. ಅವನು ಎಲ್ಲಿದ್ದಾನೆಂದು ತಿಳಿದಿದ್ದರೆ ನನಗೊಂದು ಮಾತು ತಿಳಿಸಿ. ಅವನ ಪ್ರಶ್ನೆಗೆ ಉತ್ತರ ಸಿಕ್ಕಿದೆಯೆಂದು ಅವನಿಗೂ ಹೇಳಿ.